ಸುಣ್ಣದ ಕೆಳಗಿನ ಚಿತ್ರ

ನಮ್ಮ ಮನೆಗೆ ಹೊಸ ಸಂಗತಿಗಳು ಬರುವುದು ಹೆಚ್ಚಾಗಿ ಮೊಮ್ಮಗಳ ಸ್ಕೂಲ್ ಬ್ಯಾಗಿನಲ್ಲಿ. ಕಳೆದ ವರ್ಷ ದಸರಾ ರಜೆಯ ಹೊತ್ತಿಗೆ ಹಾಗೆ ಬಂದಿಳಿದದ್ದು ಹಾಲೆಂಡ್ ದೇಶ. ಹನ್ನೊಂದನೆಯ ತರಗತಿಯಲ್ಲಿ ಚಿತ್ರಕಲೆಯನ್ನೂ ಒಂದು ವಿಷಯವಾಗಿ ತೆಗೆದುಕೊಂಡಿರುವ ಅವಳಿಗೆ, ಯುರೋಪಿನ ಯಾವುದಾದರೊಂದು ಚಿಕ್ಕ ದೇಶದ ಚಿತ್ರಕಲೆ ಮತ್ತು ಕಟ್ಟಡಕಲೆಯ ಇತಿಹಾಸ ಬರೆದುಕೊಂಡು ಬರಲು ಹೇಳಿದ್ದರಂತೆ. ಇಪ್ಪತ್ತು ಪುಟ. ಚಿತ್ರಗಳನ್ನು ಅಂಟಿಸುವಂತಿಲ್ಲ, ಕೈಯಲ್ಲೇ ಬಿಡಿಸಬೇಕು. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವನು. ಸ್ಕೇಲು, ಸೆಟ್‌ಸ್ಕ್ವೇರು ಹಿಡಿಯುವ ಕೆಲಸ ಏನೇ ಇರಲಿ, ಮನೆಯಲ್ಲಿ ಅದು ತಾತನ ಪಾಲು. ನಿವೃತ್ತನಾಗಿ ಕೂತವನಿಗೆ ಅದೂ ಒಂದು ಮರ್ಯಾದೆಯೇ ಅನ್ನಿ.

ಹಾಲೆಂಡ್ ಎಂದರೆ ನನಗೆ ಅದುವರೆಗೆ ಗೊತ್ತಿದ್ದದ್ದು ಗಾಳಿಯಂತ್ರ ಮತ್ತು ಹಸು, ಅಷ್ಟೇ. ನೆದರ್‌ಲ್ಯಾಂಡ್ಸ್ ಎಂದು ಹೇಳಬೇಕು ಎಂದು ಅವಳು ತಿದ್ದಿದಳು. ವಿಸ್ತೀರ್ಣ ಸುಮಾರು 41,500 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ್ದು 1,91,791. ಅಂದರೆ ನಮ್ಮ ಕಾಲು ಭಾಗವೂ ಇಲ್ಲ. ಇದ್ದ ಅಷ್ಟರಲ್ಲೂ ಕಾಲು ಭಾಗದಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗೆ. ನಮ್ಮ ಹಾಗೆ ಹೊರಗೆ ಕಾಲಿಟ್ಟರೆ ಬಂಡೆ ಸಿಗುವ ಊರಲ್ಲ ಅದು, ಜೌಗು ಮಣ್ಣು. ಆದ್ದರಿಂದ ಇಟ್ಟಿಗೆಯ ಮನೆಗಳು, ಅದೂ ಕಾಲುವೆಯ ದಂಡೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತ, ಮುಂಭಾಗ ಕಿರಿದಾದ ಮನೆಗಳು. ಮೆಟ್ಟಿಲುಗಳು ಏಣಿಯಷ್ಟು ಕಡಿದಾದ್ದರಿಂದ ಸಾಮಾನನ್ನು ಮೇಲಕ್ಕೆ ಎತ್ತಿಕೊಳ್ಳಲು ಮನೆಯ ನೆತ್ತಿಯಲ್ಲೇ ಒಂದು ತೊಲೆ, ತೊಲೆಗೆ ಒಂದು ಕೊಕ್ಕೆ. ಆಮ್‌ಸ್ಟರ್‌ಡ್ಯಾಮ್ ಪಟ್ಟಣದ ಪುರಭವನವನ್ನು 1648ರಲ್ಲಿ ಕಟ್ಟಲು ಶುರುಮಾಡಿದಾಗ, ಆ ಕೆಸರು ನೆಲಕ್ಕೆ ಮೊದಲು ಮರದ ಕಂಬಗಳನ್ನು ಹೊಡೆದು ಇಳಿಸಿದರು: 13,659 ಕಂಬಗಳು. ನಾನು ಆ ಅಂಕಿಯನ್ನು ಎರಡು ಸಲ ಓದಿಸಿದೆ. ಕಟ್ಟಡ ಕಟ್ಟಿದವರಿಗಿಂತ ಕಂಬಗಳ ಲೆಕ್ಕ ಇಟ್ಟ ಗುಮಾಸ್ತನಿಗೆ ಕೈಮುಗಿಯಬೇಕು ಎನಿಸಿತು.

ಚಿತ್ರಗಳ ವಿಚಾರ ಬಂದಾಗ ಅವಳು ಗುರು, ನಾನು ಶಿಷ್ಯ. ಹದಿನೇಳನೆಯ ಶತಮಾನದಲ್ಲಿ ಆ ದೇಶದಲ್ಲಿ ಚಿತ್ರ ಬರೆಸಿದವರು ರಾಜರಿಗಿಂತ ಹೆಚ್ಚಾಗಿ ವರ್ತಕರು. ಮನೆಯ ಗೋಡೆಗೆ ತೂಗುಹಾಕಲು ಬೇಕಾದ ಅಳತೆಯ ಚಿತ್ರಗಳು. ಹಾಲು ಸುರಿಯುವ ಕೆಲಸದವಳು, ಕಾಗದ ಓದುವ ಹುಡುಗಿ, ಮೀನು, ನಿಂಬೆಹಣ್ಣು. "ತಾತ, ರೆಂಬ್ರಾಂಟ್ ನಮ್ಮ ಷಹಜಹಾನ್‌ನ ಚಿತ್ರ ಕಾಪಿ ಹೊಡೆದಿದಾನೆ ಗೊತ್ತಾ?" ಎಂದು ಒಂದು ದಿನ ಕೂಗಿಕೊಂಡು ಬಂದಳು. ಸುಳ್ಳಲ್ಲ. 1656ರಿಂದ ಈಚೆಗೆ ಕೆಲವು ವರ್ಷಗಳಲ್ಲಿ ಆತ ಮೊಗಲ್ ಕಿರುಚಿತ್ರಗಳನ್ನು ನೋಡಿ ನೋಡಿ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ಬರೆದುಕೊಂಡಿದ್ದ. ಅದೇ ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ರಾತ್ರಿ ಪಹರೆ' ಎಂಬ ದೊಡ್ಡ ಚಿತ್ರವನ್ನು 1715ರಲ್ಲಿ ಆ ಹದಿಮೂರು ಸಾವಿರ ಕಂಬಗಳ ಪುರಭವನಕ್ಕೆ ಸಾಗಿಸಿದರು. ಅಲ್ಲಿ ಎರಡು ಬಾಗಿಲುಗಳ ನಡುವೆ ಅದು ಹಿಡಿಸಲಿಲ್ಲ. ಏನು ಮಾಡಿದರು ಗೊತ್ತೆ? ನಾಲ್ಕೂ ಕಡೆ ಕತ್ತರಿಸಿದರು. ಕತ್ತರಿಸಿದ ತುಂಡುಗಳು ಇವತ್ತಿಗೂ ಸಿಕ್ಕಿಲ್ಲ. ಈಗ ಅದೇ ಚಿತ್ರವನ್ನು ಗಾಜಿನ ಕೋಣೆಯೊಳಗಿಟ್ಟು, ಬಂದವರೆಲ್ಲ ನೋಡುತ್ತಿರುವಂತೆಯೇ 2019ರಿಂದ ಅಂಗುಲ ಅಂಗುಲವಾಗಿ ಪರೀಕ್ಷೆ ಮಾಡಿ ದುರಸ್ತಿ ನಡೆಸಿದ್ದಾರೆ. ಬಾಗಿಲಿಗಾಗಿ ಚಿತ್ರಕ್ಕೆ ಕತ್ತರಿ ಹಾಕಿದ ಮಹಾಶಯರು ಅಲ್ಲೂ ಇದ್ದರಲ್ಲ ಎಂದು ನನಗೆ ಒಳಗೊಳಗೇ ಒಂದು ಸಮಾಧಾನವಾಯಿತು. ಅದು ಯಾಕೆಂದು ಮುಂದೆ ಹೇಳುತ್ತೇನೆ.

ಒಂದು ಸಂಜೆ ಅವಳು ಸಾನ್ರೆದಾಮ್ ಎಂಬ ಚಿತ್ರಕಾರನ ಒಂದು ಚಿತ್ರವನ್ನು ನಕಲು ಮಾಡುತ್ತಿದ್ದಳು. ಚರ್ಚಿನ ಒಳಾಂಗಣ, ಎತ್ತರದ ಕಂಬಗಳು, ಕಮಾನುಗಳು, ಎಲ್ಲ ಬೆಳ್ಳಗೆ. ಪರ್ಸ್‌ಪೆಕ್ಟಿವ್ ಗೆರೆ ಎಳೆದುಕೊಡಲು ನನ್ನನ್ನು ಕರೆದಿದ್ದಳು. "ಎಷ್ಟು ಶುದ್ಧವಾಗಿದೆಯಲ್ಲೇ ಗೋಡೆ" ಎಂದೆ.

"ಶುದ್ಧ ಅಲ್ಲ ತಾತ, ಅದು ಸುಣ್ಣ. ಅದರ ಕೆಳಗೆ ಚಿತ್ರ ಇತ್ತು."

1566ರಲ್ಲಿ ಆ ದೇಶದಲ್ಲಿ ಜನ ಗುಂಪುಗುಂಪಾಗಿ ಚರ್ಚುಗಳಿಗೆ ನುಗ್ಗಿ ವಿಗ್ರಹಗಳನ್ನು ಒಡೆದರಂತೆ. ಆಮೇಲೆ ಹೊಸ ಮತದವರ ಕೈಗೆ ಬಂದ ಚರ್ಚುಗಳಲ್ಲಿ ಗೋಡೆಯ ಮೇಲಿನ ಹಳೆಯ ಸಂತರ ಚಿತ್ರಗಳಿಗೆ ಸುಣ್ಣ ಬಳಿದರು. ಇನ್ನೂರು ಮುನ್ನೂರು ವರ್ಷ ಪದರದ ಮೇಲೆ ಪದರ. ಕೊನೆಗೆ ಹತ್ತೊಂಬತ್ತನೆಯ, ಇಪ್ಪತ್ತನೆಯ ಶತಮಾನಗಳಲ್ಲಿ ದುರಸ್ತಿಗೆಂದು ಆ ಸುಣ್ಣವನ್ನು ಚಕ್ಕೆ ಚಕ್ಕೆಯಾಗಿ ಬಿಡಿಸಿದರೆ, ಹಲವು ಚರ್ಚುಗಳಲ್ಲಿ ಒಳಗಿನ ಚಿತ್ರ ಅಲ್ಲೇ ಇತ್ತು. ಮರೆಮಾಡಲೆಂದು ಬಳಿದ ಸುಣ್ಣವೇ ಅದನ್ನು ಕಾಪಾಡಿತ್ತು.

ನನ್ನ ಪೆನ್ಸಿಲು ನಿಂತಿತು. ಅವಳು "ಯಾಕೆ ತಾತ?" ಎಂದಳು. ಕಣ್ಣಿಗೆ ಧೂಳು ಬಿತ್ತು ಎಂದೆ. ನಾಗಸಂದ್ರದಲ್ಲಿ ಆ ಸುಳ್ಳನ್ನು ಯಾರೂ ಪ್ರಶ್ನಿಸುವುದಿಲ್ಲ.

ನಿಜ ಸಂಗತಿ ಹೀಗೆ. ನನ್ನ ಊರು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಊರ ದೇವಸ್ಥಾನದ ಮುಂಭಾಗದ ಮಂಟಪದಲ್ಲಿ, ಒಳಗೋಡೆಯ ಮೇಲೂ ಚಾವಣಿಯ ಮೇಲೂ ಹಳೆಯ ಚಿತ್ರಗಳಿದ್ದವು. ಬೇಸಿಗೆಯಲ್ಲಿ ನಾವು ಹುಡುಗರು ಆ ತಣ್ಣನೆಯ ಕಲ್ಲಿನ ಮೇಲೆ ಅಂಗಾತ ಮಲಗಿ ನೋಡುತ್ತಿದ್ದೆವು. ಹಸಿರು ಬಣ್ಣದ ಒಂದು ಕುದುರೆ, ಸಾಲಾಗಿ ನಿಂತ ವಾದ್ಯದವರು. ಅವರಲ್ಲಿ ಮದ್ದಳೆ ಹಿಡಿದವನ ಮುಖವನ್ನು ಮಳೆನೀರು ತಿಂದುಹಾಕಿತ್ತು. ಅವನನ್ನು ತಲೆಯಿಲ್ಲದ ಮದ್ದಳೆಯವನು ಎಂದು ಕರೆಯುತ್ತಿದ್ದೆವು. ರಾತ್ರಿ ಆ ಕಡೆ ಹೋಗಲು ಹೆದರುತ್ತಿದ್ದೆವು. ಬರೆದವರು ಯಾರು, ಯಾವ ಕಾಲದ್ದು ಎಂದು ನಾವು ಕೇಳಲಿಲ್ಲ, ಯಾರೂ ಹೇಳಲಿಲ್ಲ.

1987ರಲ್ಲಿ ಊರಿನವರು ಜೀರ್ಣೋದ್ಧಾರ ಮಾಡಬೇಕೆಂದು ತೀರ್ಮಾನಿಸಿದರು. ದೀಪದ ಎಣ್ಣೆಹೊಗೆಯಿಂದ ಗೋಡೆ ಕಪ್ಪಾಗಿದೆ, ಹೊರಗಿನವರು ಬಂದರೆ ನಾಚಿಕೆ ಎಂದು ಮಾತು. ಊರಿನಿಂದ ಬೆಂಗಳೂರಿಗೆ ಬಂದು ಡ್ರಾಯಿಂಗ್ ಕೆಲಸ ಹಿಡಿದವನು ನಾನೊಬ್ಬನೇ. ಬಣ್ಣದ ವಿಚಾರ ನಿನಗೇ ಗೊತ್ತಪ್ಪ ಎಂದರು. ಉಬ್ಬಿಹೋದೆ. ಬಣ್ಣದ ಶೇಡ್ ಕಾರ್ಡ್ ತಂದು ತೋರಿಸಿದವನು ನಾನು. ತಿಳಿ ನೀಲಿ ಆರಿಸಿದವನು ನಾನು. ಎಸ್.ಜೆ.ಪಿ. ರಸ್ತೆಯಲ್ಲಿ ನಾಲ್ಕು ಲೀಟರಿನ ಆರು ಡಬ್ಬ ಎನಾಮಲ್ ಪೇಂಟ್ ಕೊಂಡು, ಬಸ್ಸಿನ ಮೇಲೆ ಹಾಕಿಸಿ, ಊರಿಗೆ ಮುಟ್ಟಿಸಿದವನೂ ನಾನೇ. ಒಂದು ವಾರದಲ್ಲಿ ಮಂಟಪ ಫಳಫಳ ಹೊಳೆಯಿತು. ಎಲ್ಲರೂ ಮೆಚ್ಚಿದರು. ದಾನಿಗಳ ಹೆಸರಿನ ಅಮೃತಶಿಲೆಯ ಹಲಗೆಯಲ್ಲಿ ಮೂರನೆಯ ಸಾಲಿನಲ್ಲಿ ನನ್ನ ಹೆಸರು ಇವತ್ತಿಗೂ ಇದೆ. ಒಂದಕ್ಷರವೂ ಮಾಸಿಲ್ಲ.

ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಎನಾಮಲ್ ಏನು ಮಾಡುತ್ತದೆ ಎಂದು ತಿಳಿದಿರಬೇಕಿತ್ತು. ಕಬ್ಬಿಣಕ್ಕೆ ತೇವ ತಾಗದಿರಲೆಂದು ಹೊಡೆಯುವ ಬಣ್ಣ ಅದು; ಮೇಲೆ ಒಂದು ಬಿಗಿಯಾದ ಪೊರೆ ಕಟ್ಟುತ್ತದೆ. ಕಬ್ಬಿಣ ನೀರು ಕುಡಿಯುವುದಿಲ್ಲ, ಸರಿ. ಆದರೆ ಕಲ್ಲು ಗಾರೆಯ ಗೋಡೆ ನೀರು ಕುಡಿಯುತ್ತದೆ, ಬಿಡುತ್ತದೆ. ಸುಣ್ಣ ಬಳಿದರೆ ಆ ತೇವ ಸುಣ್ಣದ ಮೂಲಕವೇ ಆಚೆ ಹೋಗುತ್ತದೆ. ಎನಾಮಲ್ ಬಳಿದರೆ ಅದು ಒಳಗೇ ಸಿಕ್ಕಿಕೊಂಡು, ಕೊನೆಗೆ ಪೊರೆಯನ್ನು ಗುಳ್ಳೆಯೆಬ್ಬಿಸಿ ಕಿತ್ತುಕೊಂಡು ಬರುತ್ತದೆ. ಬರುವಾಗ ಕೆಳಗಿನ ಹಳೆಯ ಬಣ್ಣವನ್ನೂ ಜೊತೆಗೇ ತರುತ್ತದೆ. ಸುಣ್ಣ ಹೊಡೆದವರು ಮುಚ್ಚಿಟ್ಟರು. ನಾವು ಮುಚ್ಚಿ ಬೀಗ ಹಾಕಿ ಬೀಗದ ಕೈಯನ್ನು ಬಾವಿಗೆ ಎಸೆದೆವು.

ಪ್ರಾಜೆಕ್ಟಿನ ಕೊನೆಯಲ್ಲಿ, ನೀವು ನೋಡಿದ ಒಂದು ಸ್ಥಳದೊಂದಿಗೆ ಹೋಲಿಸಿ ಎಂಬ ಒಂದು ಭಾಗವಿತ್ತು. ಅವಳು ಮೈಸೂರು ಅರಮನೆ ಎಂದಳು. ನಾನು, "ಅಷ್ಟು ದೂರ ಯಾಕೆ ಪುಟ್ಟಿ, ನಮ್ಮ ರಸ್ತೆಯಲ್ಲೇ ಇದೆ, ನಡಿ" ಎಂದೆ.

ನಮ್ಮ ರಸ್ತೆ ಎಂದರೆ ತುಮಕೂರು ರಸ್ತೆ. 2015ರ ಮೇ ತಿಂಗಳಿನಿಂದ 2024ರ ನವೆಂಬರಿನವರೆಗೆ ಮೆಟ್ರೋ ರೈಲು ನಾಗಸಂದ್ರದಲ್ಲೇ ನಿಂತುಬಿಡುತ್ತಿತ್ತು. ಈಗ ಮಾದಾವರದವರೆಗೂ ಹೋಗುತ್ತದೆ. ಲೋಕ ಇಲ್ಲಿಗೇ ಮುಗಿಯಿತು ಎನ್ನುವ ಹಾಗೆ ಕೊನೆಯ ನಿಲ್ದಾಣದವರಾಗಿದ್ದೆವು ನಾವು. ಆದರೆ ರಸ್ತೆ ಎಂದೂ ಇಲ್ಲಿ ಮುಗಿದದ್ದಲ್ಲ. 1687ರಲ್ಲಿ ಮೊಗಲರು ಶಿರಾವನ್ನು ಒಂದು ಸುಭಾದ ಮುಖ್ಯ ಪಟ್ಟಣ ಮಾಡಿಕೊಂಡ ಮೇಲೆ ಅಧಿಕಾರಿಗಳು, ಕುಶಲಕರ್ಮಿಗಳು, ಕಟ್ಟಡ ಕಟ್ಟುವ ರೀತಿನೀತಿ ಎಲ್ಲ ಶಿರಾ-ಬೆಂಗಳೂರುಗಳ ನಡುವೆ ಓಡಾಡಿದವು. ದಿಲಾವರ್ ಖಾನ್ ಶಿರಾದಲ್ಲಿ ಕಟ್ಟಿಸಿದ ಅರಮನೆ ಎಷ್ಟು ಸೊಗಸಾಗಿತ್ತೆಂದರೆ, ಬೆಂಗಳೂರಿನ ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಅದೇ ಮಾದರಿಯಾಯಿತೆಂದು ಹಳೆಯ ಗ್ಯಾಸೆಟಿಯರಿನಲ್ಲಿ ಹೇಳಿದೆ. ಕೋಟೆಯಲ್ಲಿ 1791ರಲ್ಲಿ ಮುಗಿದ ಆ ಮರದ ಕಂಬಗಳ ಅರಮನೆಯನ್ನು ಶಾಲೆಯ ಪ್ರವಾಸದಲ್ಲಿ ನೋಡಿದ ಮಕ್ಕಳಿಗೆ, ಅದರ ಅಣ್ಣ ಶಿರಾದಲ್ಲಿದ್ದ ಎಂದು ಯಾರೂ ಹೇಳಿರಲಾರರು.

ಎಂಟನೇ ಮೈಲಿಯಲ್ಲಿ ಶಿರಾ ಬಸ್ಸು ಹತ್ತಿದೆವು. ನೆಲಮಂಗಲ ದಾಟಿತು, ದಾಬಸ್‌ಪೇಟೆ ಬಂತು. ಡಾಬ್ಸ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ಬಾಯಲ್ಲಿ ದಾಬಸ್ ಆದದ್ದನ್ನು ಹೇಳಿ ಅವಳನ್ನು ನಗಿಸಿದೆ. ಎಡಗಡೆ ಶಿವಗಂಗೆ ಬೆಟ್ಟ ಕಾಣಿಸಿಕೊಂಡಿತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅವಳು ಕೇಳಿದಳು: "ತಾತ, ನಾನು ಸಿಇಟಿ ಬರೀದೇ ಇದ್ರೆ ಅಮ್ಮ ಏನ್ಮಾಡ್ತಾಳೆ?"

ಇದು ಮನೆಯಲ್ಲಿ ಆರು ತಿಂಗಳಿನಿಂದ ಕುದಿಯುತ್ತಿದ್ದ ವಿಷಯ. ಹುಡುಗಿಗೆ ಚಿತ್ರಕಲೆ ಓದುವ ಆಸೆ. ನನ್ನ ಮಗಳಿಗೆ ಎಂಜಿನಿಯರಿಂಗ್ ಸೀಟು. "ಅಪ್ಪ, ನೀವೇ ಅವಳಿಗೆ ಬುದ್ಧಿ ಹೇಳಿ. ಚಿತ್ರ ಬರೆದುಕೊಂಡು ಯಾರು ಹೊಟ್ಟೆ ಹೊರೆದಿದ್ದಾರೆ?" ಎಂದು ನನ್ನ ಮೇಲೇ ಹೊರಿಸಿದ್ದಳು. ಮಗಳ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಬಾಡಿಗೆ, ಸಾಲ, ಬಸ್ಸು, ಮೆಟ್ರೋ ಎಂದು ಬೆಂಗಳೂರಿನಲ್ಲಿ ಬದುಕು ಕಟ್ಟಿಕೊಂಡವಳು ಅವಳು. "ಏನು ಮಾಡ್ತಾಳೆ, ಎರಡು ದಿನ ಮಾತು ಬಿಡ್ತಾಳೆ" ಎಂದೆ. ಆ ಉತ್ತರ ನನಗೇ ಹಿಡಿಸಲಿಲ್ಲ.

ತುಮಕೂರಿನಿಂದ ಶಿರಾ ಕಡೆಗೆ ಸುಮಾರು 24 ಕಿ.ಮೀ. ಹೋದರೆ ಸೀಬಿ. ದೊಡ್ಡ ಹೆದ್ದಾರಿಯ ಪಕ್ಕದಲ್ಲೇ ನರಸಿಂಹಸ್ವಾಮಿಯ ದೇವಸ್ಥಾನ. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಹೊರಟ ವ್ಯಾಪಾರಿಯೊಬ್ಬ ಇಲ್ಲಿ ಬೀಡುಬಿಟ್ಟು, ಒಂದು ಕಲ್ಲಿನ ಮೇಲೆ ಪಾತ್ರೆಯಿಟ್ಟು ಧಾನ್ಯ ಬೇಯಿಸಿದಾಗ ಅದು ರಕ್ತದ ಬಣ್ಣಕ್ಕೆ ತಿರುಗಿತೆಂದೂ, ಆ ಕಲ್ಲಿನಲ್ಲಿ ತಾನಿರುವೆನೆಂದು ನರಸಿಂಹ ಕನಸಿನಲ್ಲಿ ಹೇಳಿದನೆಂದೂ ಸ್ಥಳಪುರಾಣ. ಈಗಿರುವ ಕಟ್ಟಡ ಹದಿನೆಂಟನೆಯ ಶತಮಾನದ ಕೊನೆಯದು. ಟಿಪ್ಪುವಿನ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಕಚೇರಿ ಕೃಷ್ಣಪ್ಪನವರ ಮಕ್ಕಳಾದ ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಎಂಬ ಮೂವರು ಅಣ್ಣತಮ್ಮಂದಿರು ಕಟ್ಟಿಸಿದ್ದು. ರಾಜರಲ್ಲ, ಕಚೇರಿಯ ಉದ್ಯೋಗದಲ್ಲಿದ್ದ ಮನೆತನದವರು. "ಹಾಲೆಂಡಿನ ವರ್ತಕರ ಥರಾನೇ ಅಲ್ವಾ ತಾತ" ಎಂದು ಅವಳು ಪುಸ್ತಕದಲ್ಲಿ ಗುರುತು ಹಾಕಿಕೊಂಡಳು.

ಬಿಸಿಲಿನಿಂದ ಒಳಗೆ ಹೋದರೆ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ತಲೆಯೆತ್ತಿ ನೋಡಬೇಕು. ಮಂಟಪದ ಚಾವಣಿಯ ಮೇಲೆ ಪಟ್ಟಿ ಪಟ್ಟಿಯಾಗಿ ಚಿತ್ರಗಳು: ಕೃಷ್ಣನ ಲೀಲೆಗಳು, ನರಸಿಂಹಾವತಾರದ ಕಥೆ, ಪೇಟ ಸುತ್ತಿದ ಅಧಿಕಾರಿಗಳು ಸಾಲಾಗಿ ನಿಂತ ಒಡ್ಡೋಲಗ. ದೇವರ ಕಥೆಯ ಮಗ್ಗುಲಲ್ಲೇ ತಮ್ಮ ಕಾಲದ ದರ್ಬಾರನ್ನೂ ಬರೆಸಿದ್ದಾರೆ. ಕೆಂಪು, ಹಸಿರು. ಕೆಲವು ಕಡೆ ಮಾಸಿದೆ, ಕೆಲವು ಕಡೆ ನೀರು ಇಳಿದಿದೆ. ಆದರೂ ಉಳಿದ ಒಂದೊಂದು ಕಣ್ಣು, ಒಂದೊಂದು ಬೆರಳು ನಿನ್ನೆ ಬರೆದ ಹಾಗೆ. ಮೈಸೂರು ಸಂಪ್ರದಾಯದ ಚಿತ್ರಕಾರರು ಹುಣಸೆ ಕಡ್ಡಿಯನ್ನು ಸುಟ್ಟು ಇದ್ದಿಲು ಮಾಡಿಕೊಂಡು ಮೊದಲು ಗೆರೆ ಹಾಕುತ್ತಿದ್ದರು, ಅಳಿಲಿನ ಕೂದಲಿನ ಕುಂಚದಲ್ಲಿ ಬಣ್ಣ ತುಂಬುತ್ತಿದ್ದರು. ಚಿತ್ರಕಾರರ ಹೆಸರು ನಮಗೆ ಎಲ್ಲೂ ಕಾಣಲಿಲ್ಲ. ಹುಡುಗಿ ಚೀಲವನ್ನೇ ದಿಂಬು ಮಾಡಿಕೊಂಡು ಅಂಗಾತ ಮಲಗಿಬಿಟ್ಟಳು, ನಾವು ಐವತ್ತೈದು ವರ್ಷದ ಹಿಂದೆ ಮಲಗುತ್ತಿದ್ದ ಹಾಗೆಯೇ. ನನಗೆ ತಡೆಯಲಾಗಲಿಲ್ಲ. ಅಲ್ಲೇ ಕಂಬಕ್ಕೆ ಒರಗಿ ಕೂತು ಎಲ್ಲ ಹೇಳಿದೆ: ಶೇಡ್ ಕಾರ್ಡು, ಆರು ಡಬ್ಬ, ತಿಳಿ ನೀಲಿ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಮಕ್ಕಳು ಬೈದರೆ ತಡೆದುಕೊಳ್ಳಬಹುದು. ನಾನೇ ಸುಮ್ಮನಿರಲಾರದೆ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಕಥೆ ತೆಗೆದೆ. 1784ರ ಆ ಮಹಲಿನ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆಯಲ್ಲ, ಅದನ್ನು ಟಿಪ್ಪುವಿನ ಕಾಲದಲ್ಲೇ, ಮುತ್ತಿಗೆಗೆ ಮುಂಚೆ ಕೆಡಿಸಲಾಗಿತ್ತು. 1799ರ ನಂತರ ಅಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಸರಿಮಾಡಿಸಿದ. ಮತ್ತೆ ಯಾರೋ ಸುಣ್ಣ ಬಳಿದರು. ಆಮೇಲೆ ಲಾರ್ಡ್ ಡಾಲ್‌ಹೌಸಿ ಮೈಸೂರಿಗೆ ಬಂದಾಗ, ಮೊದಲಿನ ಚಿತ್ರಗಳ ನೆನಪಿದ್ದ ನಮ್ಮವನೇ ಒಬ್ಬ ಚಿತ್ರಗಾರನನ್ನು ಹಿಡಿದು ಮತ್ತೆ ಬರೆಸಿದ. "ಅಂದರೆ ಅಳಿಸಿದವನು ನಾನೊಬ್ಬನೇ ಅಲ್ಲ" ಎಂದು ಮಾತು ಮುಗಿಸಿದೆ.

"ನೆನಪಿದ್ದವನು ಒಬ್ಬ ಇದ್ದ ತಾತ ಅಲ್ಲಿ" ಎಂದಳು. "ನಿಮ್ಮೂರಲ್ಲಿ ಯಾರಿದ್ದಾರೆ?"

ಅಲ್ಲಿಂದ ನಮ್ಮೂರು ಒಂದು ಗಂಟೆಯ ದಾರಿ. ಆಟೋ ಮಾಡಿಕೊಂಡು ಹೋದೆವು. ಅರ್ಚಕರು ಬಾಗಿಲು ತೆಗೆದರು. ನನ್ನ ತಿಳಿ ನೀಲಿಯ ಮೇಲೆ ಆಮೇಲೆ ಯಾರೋ ಒಂದು ಕೈ ಕೆನೆಬಣ್ಣ ಹೊಡೆದಿದ್ದರು. ಕೆಳಭಾಗದಲ್ಲಿ ಗುಳ್ಳೆಯೆದ್ದು ಉದುರಿತ್ತು. ಉದುರಿದ ಕಡೆ ಬರಿಯ ಗಾರೆ. ಅವಳು ಮೊಬೈಲಿನ ಟಾರ್ಚನ್ನು ಗೋಡೆಗೆ ನೇರವಾಗಿ ಬಿಡದೆ, ಗೋಡೆಯ ಪಕ್ಕಕ್ಕೇ ಒತ್ತಿ ಓರೆಯಾಗಿ ಹಿಡಿದಳು. ರೆಂಬ್ರಾಂಟನ ಚಿತ್ರವನ್ನು ಪರೀಕ್ಷೆ ಮಾಡುವವರು ಹೀಗೂ ಬೆಳಕು ಬಿಡುತ್ತಾರಂತೆ. ನಯವಾಗಿ ಕಾಣುತ್ತಿದ್ದ ಗೋಡೆಯ ಮೇಲೆ ತಟ್ಟನೆ ಉಬ್ಬುತಗ್ಗುಗಳು ಎದ್ದವು. ಒಂದು ಅಂಚು, ತಾವರೆ ಬಳ್ಳಿಯ ಹಾಗೆ. ಅದರ ಮೇಲೆ ಎರಡು ಕಾಲು, ಕುದುರೆಯದೋ ಏನೋ. ಅಷ್ಟೇ. ಮದ್ದಳೆಯವನು ಇದ್ದ ಜಾಗವನ್ನು ನಾನು ಎಷ್ಟು ತೋರಿಸಿದರೂ ಅಲ್ಲಿ ಏನೂ ಕಾಣಲಿಲ್ಲ.

"ಹಿಡ್ಕೊಳ್ಳಿ ತಾತ" ಎಂದು ಟಾರ್ಚನ್ನು ನನ್ನ ಕೈಗೆ ಕೊಟ್ಟು ಅವಳು ಬರೆಯಲು ಕೂತಳು. ಕಾಣುವುದನ್ನು ಗಟ್ಟಿಗೆರೆಯಲ್ಲಿ, ನಾನು ನೆನಪಿನಿಂದ ಹೇಳಿದ್ದನ್ನು ಚುಕ್ಕಿಗೆರೆಯಲ್ಲಿ. ಮರೆಯಲ್ಲಿರುವ ಭಾಗವನ್ನು ಚುಕ್ಕಿಗೆರೆಯಲ್ಲಿ ತೋರಿಸುವುದು ಡ್ರಾಯಿಂಗಿನ ನಿಯಮ, ನಾನೇ ಕಲಿಸಿದ್ದು. ವಾದ್ಯದವರು ಐದು ಜನವೋ ಆರೋ ಎಂದು ಕೇಳಿದಾಗ ನನಗೆ ಖಚಿತವಾಗಲಿಲ್ಲ. ಅರ್ಚಕರ ತಾಯಿಯನ್ನು ಕೇಳಿದೆವು. ಎಂಬತ್ತು ದಾಟಿದ ಆಕೆ, "ಆರು ಜನ ಕಣಪ್ಪ, ಒಬ್ಬನ ಕೈಲಿ ತಾಳ ಇತ್ತು" ಎಂದರು. ತಾಳ ನನಗೆ ಮರೆತೇ ಹೋಗಿತ್ತು.

ಹೊರಡುವಾಗ ಅರ್ಚಕರು, ಬರುವ ಜಾತ್ರೆಗೆ ಗೋಡೆಗೆಲ್ಲ ಟೈಲ್ಸ್ ಹಾಕಿಸುವ ಮಾತು ನಡೆದಿದೆ ಎಂದರು. ಮೂರನೆಯ ಸಾಲಿನ ದಾನಿಯ ಹಕ್ಕಿನಿಂದ ನಾನು ಊರಿನವರಿಗೆ ಒಂದು ಕಾಗದ ಬರೆದಿದ್ದೇನೆ. ಟೈಲ್ಸ್ ಬೇಡ, ಆ ಗೋಡೆಯನ್ನು ಇನ್ನು ಮುಟ್ಟಬೇಡಿ, ಬಲ್ಲವರಿಂದ ಒಮ್ಮೆ ತೋರಿಸೋಣ, ಇಂಟ್ಯಾಕ್ ಸಂಸ್ಥೆಯ ಚಿತ್ರ ಸಂರಕ್ಷಣೆಯ ಕೇಂದ್ರ ಬೆಂಗಳೂರಿನಲ್ಲೇ ಇದೆ, ಓಡಾಟದ ಖರ್ಚು ನನ್ನದು ಎಂದು. ಎರಡು ತಿಂಗಳಾಯಿತು, ಉತ್ತರ ಬಂದಿಲ್ಲ. ಮುಂದಿನ ಭಾನುವಾರ ನಾನೇ ಹೋಗುತ್ತೇನೆ.

ಪ್ರಾಜೆಕ್ಟಿಗೆ ಇಪ್ಪತ್ತಕ್ಕೆ ಹದಿನಾರು ಬಂತು. ಹೋಲಿಕೆಯ ಭಾಗ ವಿಷಯಕ್ಕಿಂತ ಉದ್ದವಾಗಿದೆ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಮಗಳು ಅದನ್ನು ಪೂರ್ತಿ ಓದಿದಳು. ತನ್ನೂರಿನ ದೇವಸ್ಥಾನದ ಚುಕ್ಕಿಗೆರೆಯ ಚಿತ್ರವಿದ್ದ ಪುಟವನ್ನು ಎರಡು ಸಲ ತಿರುವಿದಳು. ಬುದ್ಧಿ ಹೇಳಿ ಎಂದು ನನಗೆ ಹೇಳುವುದನ್ನು ಬಿಟ್ಟಿದ್ದಾಳೆ. ಆದರೆ ಸಿಇಟಿ ಬರೆಯಲೇಬೇಕು ಎಂದು ಹಟ. ಹುಡುಗಿ ಬರೆಯುತ್ತೇನೆಂದು ಒಪ್ಪಿದ್ದಾಳೆ, ಒಂದು ಷರತ್ತಿನ ಮೇಲೆ: 1960ರಲ್ಲಿ ಎಂ.ಎಸ್. ನಂಜುಂಡರಾಯರು ಹುಟ್ಟುಹಾಕಿದ ಚಿತ್ರಕಲಾ ಪರಿಷತ್ತನ್ನು ಒಮ್ಮೆ ಅಮ್ಮನೂ ಬಂದು ನೋಡಬೇಕು. ಕಳೆದ ವಾರ ಮೂವರೂ ಹೋಗಿದ್ದೆವು. ಅಲ್ಲಿನ ಮೈಸೂರು ಚಿತ್ರಗಳ ಮುಂದೆ ನನ್ನ ಮಗಳು ಸ್ವಲ್ಪ ಹೆಚ್ಚು ಹೊತ್ತೇ ನಿಂತಳು. ಮೆಟ್ರೋದಲ್ಲಿ ವಾಪಸು ಬರುವಾಗ, "ಫೀಸು ಎಷ್ಟಂತೆ?" ಎಂದು ನನ್ನನ್ನು ಕೇಳಿದಳು, ಹುಡುಗಿಗೆ ಕೇಳಿಸದ ಹಾಗೆ.